ಬಾಯಿ ಮುಚ್ಚಿದ ಮೂವತ್ತು ನಿಮಿಷ

ಸಮಿತಿ ಆ ದಿನ ಮಾಡಬೇಕಾಗಿದ್ದದ್ದು ಒಂದೇ ಕೆಲಸ: ಮೂವತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೂರುವುದು. ಅಷ್ಟು ಮಾಡಿದ್ದರೆ ಅವಳ ಪಾಡಿಗೆ ಅವಳು ಪಾಸಾಗಿ ಹೋಗುತ್ತಿದ್ದಳು, ನಮಗೂ ಹೇಳುವುದಕ್ಕೆ ಕತೆ ಇರುತ್ತಿರಲಿಲ್ಲ.

ಸಮಿತಿ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನರ್ಸಿಂಗ್ ಕಾಲೇಜು ಸೇರಿದ ಮೊದಲನೆಯ ವಾರವೇ ಹಾಸ್ಟೆಲಿನ ಹುಡುಗಿಯರು ಅವಳಿಗೆ ‘ಸಲಹಾ ಸಮಿತಿ’ ಎಂದು ನಾಮಕರಣ ಮಾಡಿದ್ದರು. ನಾಲ್ಕು ವರ್ಷ ಬಳಸಿ ಬಳಸಿ ಮೊದಲಿನ ಅರ್ಧ ಸವೆದುಹೋಗಿ ಸಮಿತಿ ಉಳಿದಿತ್ತು. ಯಾರಾದರೂ ಕೆಮ್ಮಿದರೆ ಸಮಿತಿ ಹಬೆ ತೆಗೆದುಕೋ ಎನ್ನುತ್ತಿದ್ದಳು. ಸೀನಿದರೆ ದಿಂಬಿನ ಚೀಲ ಬದಲಾಯಿಸು ಎನ್ನುತ್ತಿದ್ದಳು. ಪ್ರೀತಿಸಿದವನು ಕೈಕೊಟ್ಟ ಎಂದು ಅಳುತ್ತ ಕೂತವಳಿಗೆ ಮೊದಲು ತಲೆಗೆ ಸ್ನಾನ ಮಾಡು, ಆಮೇಲೆ ಯೋಚಿಸೋಣ ಎಂದಿದ್ದಳು. ಅವಳ ಸಲಹೆಯಲ್ಲಿ ಕೇಡು ಇರಲಿಲ್ಲ, ನಿಜ ಹೇಳಬೇಕೆಂದರೆ ಎಷ್ಟೋ ಸಲ ಬುದ್ಧಿಯೂ ಇರುತ್ತಿತ್ತು. ಆದರೆ ಈ ನಾಲ್ಕು ವರ್ಷದಲ್ಲಿ ಅವಳ ಒಂದೇ ಒಂದು ಸಲಹೆಯನ್ನು ಯಾರಾದರೂ ಪಾಲಿಸಿದ ದಾಖಲೆ ಇರಲಿಲ್ಲ.

ಕೊನೆಯ ವರ್ಷ ಅವರನ್ನು ಆಸ್ಪತ್ರೆಯ ಮಾನಸಿಕ ವಾರ್ಡಿಗೆ ಹಾಕಿದರು. ಅಲ್ಲಿ ಇಂಜೆಕ್ಷನ್ನು, ಡ್ರೆಸಿಂಗು ಎಲ್ಲ ಎರಡನೆಯ ಮಾತು. ಮೊದಲನೆಯ ಕೆಲಸ ಕೇಳಿಸಿಕೊಳ್ಳುವುದು. ಒಬ್ಬ ರೋಗಿಯ ಎದುರು ಅರ್ಧ ಗಂಟೆ ಕೂತು, ಅವರನ್ನು ಮಾತಾಡಲು ಬಿಟ್ಟು, ಆಮೇಲೆ ಇಬ್ಬರೂ ಆಡಿದ್ದನ್ನು ಶಬ್ದಶಃ ಪುಸ್ತಕದಲ್ಲಿ ಬರೆಯಬೇಕು. ಪುಟಕ್ಕೆ ಮೂರು ಕಾಲಂ. ಎಡಗಡೆ ರೋಗಿ ಹೇಳಿದ್ದು, ನಡುವೆ ನರ್ಸ್ ಹೇಳಿದ್ದು, ಬಲಗಡೆ ನರ್ಸ್ ಬಳಸಿದ ಕೌಶಲ. ಇದಕ್ಕೆ ಪ್ರೋಸೆಸ್ ರೆಕಾರ್ಡಿಂಗ್ ಎಂದು ಹೆಸರು. ಇದರ ದೊಡ್ಡ ನಿಯಮ ಒಂದೇ, ಸಲಹೆ ಕೊಡಕೂಡದು. ಕೊಟ್ಟರೆ ಪುಸ್ತಕ ವಾಪಸು.

ಸಮಿತಿಯ ಪುಸ್ತಕ ಮೂರು ಸಲ ವಾಪಸು ಬಂದಿತ್ತು. ಮೂರು ಸಲವೂ ಕೊನೆಯ ಪುಟದಲ್ಲಿ ಕೆಂಪು ಪೆನ್ನಿನಿಂದ ಎರಡೇ ಪದ: ‘ಸಲಹೆ ಕೊಟ್ಟಿದ್ದೀರಿ.’

ಹಾಗೆ ಬರೆದವರು ಮನೋರೋಗ ಶುಶ್ರೂಷೆ ಕಲಿಸುವ ಮೇಡಂ. ಇಪ್ಪತ್ತೆರಡು ವರ್ಷದಿಂದ ಕೇಳಿಸಿಕೊಳ್ಳುವುದನ್ನೇ ಕಲಿಸುತ್ತಿದ್ದವರು. ಏನು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ “ನಿಮಗೆ ಹಾಗನ್ಸುತ್ತಾ?” ಎಂದು ಮೆಲ್ಲಗೆ ಕೇಳುತ್ತಿದ್ದರು. ಮೇಡಂ, ಫ್ಯಾನು ಕೆಟ್ಟಿದೆ ಎಂದರೂ ಅದೇ ಉತ್ತರ. ಹುಡುಗಿಯರು ಅವರಿಗೆ ‘ಹಾಗನ್ಸುತ್ತಾ ಮೇಡಂ’ ಎಂದೇ ಹೆಸರಿಟ್ಟಿದ್ದರು.

ಆ ದಿನ ಸಂಜೆ ನಾಲ್ಕು ಗಂಟೆಯೇ ಕೊನೆಯ ಗಡುವು. ತರಗತಿಯ ಉಳಿದ ಹದಿನೇಳು ಜನರ ಪುಸ್ತಕ ಆಗಲೇ ಮೇಡಂ ಕೋಣೆಯ ಬೀರು ಸೇರಿತ್ತು. ಹದಿನೆಂಟನೆಯದೂ ಬಂದ ಮೇಲೆ ಒಟ್ಟಿಗೆ ಸಹಿ ಹಾಕಿ, ಪರೀಕ್ಷೆಗೆ ಕೂರುವವರ ಪಟ್ಟಿಯನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವುದು ಮೇಡಂ ಪದ್ಧತಿ. ಮರುದಿನ ಬೆಳಿಗ್ಗೆ ಪಟ್ಟಿ ಹೋಗದಿದ್ದರೆ ಹಾಲ್ ಟಿಕೆಟ್ ಇಲ್ಲ, ಹಾಲ್ ಟಿಕೆಟ್ ಇಲ್ಲದಿದ್ದರೆ ಪರೀಕ್ಷೆ ಇಲ್ಲ, ವರ್ಷ ನೀರಿನಲ್ಲಿ ಹೋಮ.

“ಬಾಯಲ್ಲಿ ಏನಾದ್ರೂ ಇಟ್ಕೊಂಡು ಕೂತ್ಕೊಳ್ಳೇ” ಎಂದು ಪಕ್ಕದ ಮಂಚದ ಗೆಳತಿ ಬೆಳಿಗ್ಗೆ ಒಂದು ಹಿಡಿ ಪೆಪ್ಪರ್‌ಮಿಂಟ್ ಕೊಟ್ಟಳು. ನಾಲ್ಕು ವರ್ಷ ಬೇರೆಯವರ ನೋಟ್ಸಿನಲ್ಲೇ ಪಾಸಾಗಿ ಬಂದಿದ್ದ ಈ ಗೆಳತಿಯ ಹೆಸರು ಜೆರಾಕ್ಸ್. “ಒಂದು ಪೆಪ್ಪರ್‌ಮಿಂಟಿಗೆ ಹತ್ತು ನಿಮಿಷ. ಮೂರು ಸಾಕು.”

ವಾರ್ಡಿಗೆ ಹೋದರೆ ಖಾಲಿ ಇದ್ದವರು ಒಬ್ಬರೇ. ಉಳಿದ ರೋಗಿಗಳೆಲ್ಲ ಬೇರೆ ಬೇರೆ ತರಗತಿಯವರಿಗೆ ಮೀಸಲಾಗಿಬಿಟ್ಟಿದ್ದರು. ಕಿಟಕಿಯ ಹತ್ತಿರದ ಒಬ್ಬಾಕೆಯಂತೂ ಸಮಿತಿಯನ್ನು ನೋಡಿದವಳೇ, “ಈ ವಾರ ನನ್ನ ಬಾಲ್ಯನ ಮೂರು ಸಲ ಹೇಳಿ ಆಗಿದೆ. ಸೋಮವಾರ ಬನ್ನಿ” ಎಂದು ಹೊದಿಕೆ ಎಳೆದುಕೊಂಡಳು.

ಖಾಲಿ ಇದ್ದವರು ಕಂಡಕ್ಟರ್ ಅಂಕಲ್. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವರು. ಹೆಂಡತಿ ತೀರಿಹೋದ ಮೇಲೆ ಊಟ ಬಿಟ್ಟು, ಮಾತು ಬಿಟ್ಟು, ಗೋಡೆ ನೋಡುತ್ತ ಕೂತವರನ್ನು ಮಗಳು ಇಲ್ಲಿಗೆ ತಂದು ಸೇರಿಸಿದ್ದಳು. ಹತ್ತು ವಾರದ ಚಿಕಿತ್ಸೆಯಲ್ಲಿ ಊಟವೂ ಬಂತು, ಮಾತೂ ಬಂತು. ಅಂದೇ ಮಧ್ಯಾಹ್ನ ಮೂರು ಗಂಟೆಗೆ ಡಿಸ್ಚಾರ್ಜ್. ಮಗಳು ಹೊಸದಾಗಿ ಮನೆ ಮಾಡಿ, ಬಸ್ ಸ್ಟಾಪು ಕಾಣುವ ಕೋಣೆಯನ್ನು ಅಪ್ಪನಿಗೆ ಬಿಟ್ಟಿದ್ದಳು. ಅಂಕಲ್ ಬೆಳಿಗ್ಗೆ ಆರಕ್ಕೇ ಎದ್ದು, ಇಸ್ತ್ರಿ ಮಾಡಿದ ಶರ್ಟು, ಪಾಲಿಶ್ ಹಾಕಿದ ಬೂಟು ತೊಟ್ಟು, ಚೀಲ ಕಟ್ಟಿಕೊಂಡು ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಅವರ ಬೋಳುತಲೆ ಬಿಸಿಲಿಗೆ ಸ್ಟೀಲು ತಟ್ಟೆಯ ಹಾಗೆ ಹೊಳೆಯುತ್ತಿತ್ತು.

ಈ ಹತ್ತು ವಾರದಲ್ಲಿ ಹದಿನಾಲ್ಕು ವಿದ್ಯಾರ್ಥಿಗಳು ಅವರ ರೆಕಾರ್ಡಿಂಗ್ ಬರೆದಿದ್ದರು ಎನ್ನುವುದನ್ನು ಸಮಿತಿ ಗಮನಿಸಬೇಕಿತ್ತು.

“ಕೂತ್ಕೊಳ್ಳಿ ಸಿಸ್ಟರ್. ಎಷ್ಟು ನಿಮಿಷದ್ದು?”

“ಮೂವತ್ತು ಅಂಕಲ್.”

“ಎಲ್ಲಿಂದ ಶುರು? ಬಾಲ್ಯದಿಂದ್ಲಾ, ಕೆಲಸಕ್ಕೆ ಸೇರಿದಲ್ಲಿಂದ್ಲಾ?”

“ನಿಮಗೆ ಎಲ್ಲಿಂದ ಇಷ್ಟವೋ ಅಲ್ಲಿಂದ” ಎಂದು ಸಮಿತಿ ಪಾಠ ಒಪ್ಪಿಸಿ, ಒಂದು ಪೆಪ್ಪರ್‌ಮಿಂಟನ್ನು ಬಾಯಿಗೆ ಹಾಕಿಕೊಂಡಳು. ಶುರು ಚೆನ್ನಾಗಿತ್ತು.

ಅಂಕಲ್ ಏನೂ ಹೇಳಲಿಲ್ಲ. ಗೇಟಿನ ಕಡೆ ನೋಡುತ್ತ ಸುಮ್ಮನೆ ಕೂತರು. ಮೌನವೂ ಒಂದು ಕೌಶಲವೇ, ರೋಗಿ ಸುಮ್ಮನಿದ್ದರೆ ನೀವೂ ಸುಮ್ಮನಿರಿ ಎಂದು ಮೇಡಂ ಹೇಳಿಕೊಟ್ಟಿದ್ದರು. ಸಮಿತಿ ಸುಮ್ಮನಿದ್ದಳು. ಹತ್ತು ಸೆಕೆಂಡಾಯಿತು. ಇಪ್ಪತ್ತಾಯಿತು. ಮೂವತ್ತನೆಯದಕ್ಕೆ ಪೆಪ್ಪರ್‌ಮಿಂಟ್ ಕಟಕ್ಕೆಂದು ಮುರಿಯಿತು.

ಅಂಕಲ್ ತಿರುಗಿ ನೋಡಿದರು. “ನಿಮ್ಮ ಕಣ್ಣು ಕೆಂಪಾಗಿದೆ ಸಿಸ್ಟರ್.”

“ನಿದ್ದೆ ಆಗಿಲ್ಲ ಅಂಕಲ್.”

“ನಿದ್ದೆ ಆಗಿಲ್ಲ.”

“ಮೂರು ದಿನ ಆಯ್ತು.”

“ಹೂಂ. ಮುಂದೆ ಹೋಗಿ.”

ಮೂವತ್ತು ವರ್ಷ ಕಿಕ್ಕಿರಿದ ಬಸ್ಸಿನಲ್ಲಿ “ಮುಂದೆ ಹೋಗಿ, ಒಳಗಡೆ ಜಾಗ ಇದೆ” ಎಂದು ಹೇಳಿ ಪಳಗಿದ ದನಿ ಅದು. ಆ ದನಿ ಕೇಳಿದರೆ ಎಂಥವರೂ ಮುಂದೆ ಹೋಗುತ್ತಿದ್ದರು. ಸಮಿತಿಯೂ ಹೋದಳು.

ಪರೀಕ್ಷೆಯ ಭಯ ಹೇಳಿದಳು. ಫೇಲಾದರೆ ಓದು ನಿಲ್ಲಿಸಿ ಮನೆಗೆ ಬಾ ಎಂದು ಅಪ್ಪ ಹೇಳಿದ್ದನ್ನು ಹೇಳಿದಳು. ತಾನು ಕೋಣೆಗೆ ಕಾಲಿಟ್ಟರೆ ಗೆಳತಿಯರು ಮಾತು ನಿಲ್ಲಿಸುವುದು, ಮೇಡಂ ಅವರ ಕೆಂಪು ಪೆನ್ನು ಕನಸಿನಲ್ಲಿ ಬರುವುದು, ತಲೆ ಬಾಚಿದರೆ ಕೂದಲು ಹಿಡಿ ಹಿಡಿಯಾಗಿ ಉದುರುವುದು, ಎಲ್ಲ ಹೇಳಿದಳು. ಅಂಕಲ್ ನಡುವೆ ಒಮ್ಮೆ “ಆಮೇಲೆ?” ಎಂದರು. ಒಮ್ಮೆ “ಅದು ನಿಮಗೆ ಬೇಜಾರು ತಂತು” ಎಂದರು. ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ.

“ಎಲ್ಲರಿಗೂ ಯಾಕೆ ಬುದ್ಧಿ ಹೇಳ್ತೀಯಾ ಅಂತಾರೆ ಅಂಕಲ್” ಎಂದಳು ಸಮಿತಿ ಕೊನೆಗೆ. “ನಾನು ಒಂಬತ್ತು ವರ್ಷದವಳಿದ್ದಾಗ ಅಮ್ಮ ಆರು ತಿಂಗಳು ಹಾಸಿಗೆ ಹಿಡಿದಿದ್ರು. ಅಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತು ದಿನಾ ಕೇಳೋರು, ಈಗ ಏನ್ ಮಾಡೋದು, ಈಗ ಏನ್ ಮಾಡೋದು ಅಂತ. ಯಾರನ್ನ ಕೇಳ್ತಿದ್ರೋ ಗೊತ್ತಿಲ್ಲ. ಅಲ್ಲಿ ಇದ್ದಿದ್ದು ನಾನು, ನನ್ನ ತಂಗಿ. ಯಾರಾದ್ರೂ ಏನಾದ್ರೂ ಹೇಳ್ಲೇಬೇಕಿತ್ತಲ್ಲ? ನಾನು ಹೇಳ್ತಿದ್ದೆ. ಅವತ್ತಿಂದ ಯಾರು ಏನ್ ಮಾಡ್ಲಿ ಅಂದ್ರೂ ಸುಮ್ನಿರೋಕಾಗಲ್ಲ.”

“ಆ ಮಗೂಗೆ ಭಯ ಆಗ್ತಿತ್ತು” ಎಂದರು ಅಂಕಲ್.

ಸಮಿತಿಗೆ ಅಳು ಒತ್ತರಿಸಿಕೊಂಡು ಬಂತು. ಹನ್ನೆರಡು ವರ್ಷದಲ್ಲಿ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅಂಕಲ್ ಮುಟ್ಟಲಿಲ್ಲ, ಅಳಬೇಡಿ ಎನ್ನಲಿಲ್ಲ. ತಮ್ಮ ಒಗೆದ ಕರವಸ್ತ್ರವನ್ನು ಬೆಂಚಿನ ನಡುವೆ, ಅವಳ ಕೈಗೆ ಎಟುಕುವಷ್ಟು ದೂರದಲ್ಲಿ ಇಟ್ಟರು. ಅವಳು ಮೂಗು ಒರೆಸಿಕೊಂಡ ಮೇಲೆ ಗಡಿಯಾರ ನೋಡಿ, “ಸ್ಟಾಪ್ ಬಂತು ಸಿಸ್ಟರ್. ಮೂವತ್ತೈದು ನಿಮಿಷ ಆಯ್ತು. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ, ಧೈರ್ಯವಾಗಿ ಹೋಗಿ” ಎಂದರು.

ಹೂವಿನಷ್ಟು ಹಗುರವಾಗಿ ಹಾಸ್ಟೆಲ್ ಕೋಣೆಗೆ ಬಂದು ಪುಸ್ತಕ ಬಿಚ್ಚಿದಾಗಲೇ ಸಮಿತಿಗೆ ಎಚ್ಚರವಾಯಿತು. ರೋಗಿ ಹೇಳಿದ್ದು ಎನ್ನುವ ಕಾಲಂನಲ್ಲಿ ಬರೆಯಲು ‘ಹೂಂ, ಮುಂದೆ ಹೋಗಿ’ ಬಿಟ್ಟರೆ ಏನೂ ಇರಲಿಲ್ಲ. ನರ್ಸ್ ಹೇಳಿದ್ದು ಎನ್ನುವ ಕಾಲಂಗೆ ಏಳು ಪುಟ ಸಾಲದು.

ಜೆರಾಕ್ಸ್ ಎಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡು ಹೇಳಿದಳು. “ಇಷ್ಟಕ್ಕೆ ಯಾಕೆ ತಲೆ ಕೆಡಿಸ್ಕೊಳ್ತೀಯಾ? ಕಾಲಂ ಅದಲುಬದಲು ಮಾಡು. ನೀನು ಹೇಳಿದ್ದನ್ನ ಅವರ ಬಾಯಿಗೆ ಹಾಕು, ಅವರು ಹೇಳಿದ್ದನ್ನ ನಿನ್ನ ಬಾಯಿಗೆ ಹಾಕು. ಹೆಂಗೂ ಮೂರು ಗಂಟೆಗೆ ಆ ಪುಣ್ಯಾತ್ಮರು ಮನೆಗೆ ಹೋಗ್ತಾರೆ. ಯಾರಿಗೆ ಗೊತ್ತಾಗುತ್ತೆ?”

“ಮೋಸ ಅಲ್ವೇನೇ?”

“ಆಡಿದ ಮಾತೆಲ್ಲ ನಿಜ ತಾನೇ? ಯಾರು ಆಡಿದ್ದು ಅನ್ನೋದು ಸ್ವಲ್ಪ ಹೆಚ್ಚುಕಮ್ಮಿ ಅಷ್ಟೇ.”

ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂದು ಸಮಿತಿಗೂ ಅನ್ನಿಸಿತು. ಊಟ ಬಿಟ್ಟು ಬರೆಯಲು ಕೂತಳು. ಗುರುತು ಸಿಗಬಾರದೆಂದು ಎಚ್ಚರದಿಂದ ಹೆಸರುಗಳನ್ನೆಲ್ಲ ತೆಗೆದಳು. ಮೇಡಂ ಎಂದು ಇದ್ದಲ್ಲಿ ‘ಮೇಲಿನವರು’ ಎಂದು ಹಾಕಿದಳು. ಗೆಳತಿಯರು ಎಂದು ಇದ್ದಲ್ಲಿ ‘ಅವರೆಲ್ಲ’ ಎಂದು ಹಾಕಿದಳು. ಪರೀಕ್ಷೆ ಎನ್ನುವ ಬದಲು ‘ಆ ದಿನ’ ಎಂದು ಬರೆದಳು. ಹೆಸರು ತೆಗೆದ ದೂರು ಓದುವವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಯೋಚಿಸುವಷ್ಟು ವ್ಯವಧಾನ ಅವಳಿಗಿರಲಿಲ್ಲ.

ಎರಡೂವರೆಗೆ ಮೇಡಂ ಕೋಣೆಯಲ್ಲಿ ಪುಸ್ತಕ ಕೊಟ್ಟು ಕೈಕಟ್ಟಿ ನಿಂತಳು. ಮೇಡಂ ಮೊದಲು ನಡುವಿನ ಕಾಲಂ ಓದಿದರು. ಓದುತ್ತ ಓದುತ್ತ ಅವರ ಮುಖ ಅರಳಿತು.

“‘ಆ ಮಗೂಗೆ ಭಯ ಆಗ್ತಿತ್ತು.’ ಇದು ನೀವು ಹೇಳಿದ್ದಾ?”

“ಹೂಂ ಮೇಡಂ” ಎಂದಳು ಸಮಿತಿ ನೆಲ ನೋಡುತ್ತ.

“ಇಪ್ಪತ್ತೆರಡು ವರ್ಷದಲ್ಲಿ ಇಂಥ ರೆಕಾರ್ಡಿಂಗ್ ನಾನು ನೋಡಿಲ್ಲ. ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು ಕೊಡಬಹುದು.” ಕೆಂಪು ಪೆನ್ನಿನ ಮುಚ್ಚಳ ತೆಗೆದವರು ಆಗ ಎಡಗಡೆಯ ಕಾಲಂ ಓದಿದರು. ಪೆನ್ನು ಅಲ್ಲೇ ನಿಂತಿತು.

‘ಮೂರು ದಿನದಿಂದ ನಿದ್ದೆ ಇಲ್ಲ. ನಾನು ಹೋದ ತಕ್ಷಣ ಅವರೆಲ್ಲ ಮಾತು ನಿಲ್ಲಿಸ್ತಾರೆ. ಮೇಲಿನವರು ಕೆಂಪು ಪೆನ್ನು ಹಿಡ್ಕೊಂಡು ನನ್ನ ಹಿಂದೆನೇ ಬರ್ತಾರೆ. ಆ ದಿನ ಹತ್ತಿರ ಬರ್ತಿದೆ. ಆ ದಿನ ನಾನು ಸೋತರೆ ಅಪ್ಪ ಬಂದು ಕರ್ಕೊಂಡು ಹೋಗ್ತಾರೆ.’

“ಅವರ ತಂದೆ ತೀರಿಕೊಂಡು ಇಪ್ಪತ್ತು ವರ್ಷ ಆಯ್ತು!” ಎಂದು ಮೇಡಂ ಎದ್ದು ನಿಂತರು. “ಈ ಸ್ಥಿತೀಲಿ ಇರೋರನ್ನ ಮನೆಗೆ ಕಳಿಸ್ತಿದಾರಲ್ಲ!”

“ಮೇಡಂ, ಅದು ಅಷ್ಟೇನೂ—”

ಮೇಡಂ ಅಲ್ಲಿರಲಿಲ್ಲ. ಎಂದೂ ಜೋರಾಗಿ ನಡೆದೂ ಗೊತ್ತಿಲ್ಲದವರು ಪುಸ್ತಕ ಎದೆಗೊತ್ತಿಕೊಂಡು ವಾರ್ಡಿನ ಕಡೆ ಓಡಿಬಿಟ್ಟಿದ್ದರು. ಹಿಂದೆ ಸಮಿತಿಯೂ ಓಡಿದಳು.

ವಾರ್ಡಿನಲ್ಲಿ ಡಿಸ್ಚಾರ್ಜ್ ಕಾಗದ ಮೇಜಿನ ಮೇಲಿತ್ತು. ಮಗಳು ಅಪ್ಪನ ಚೀಲ ಕೈಯಲ್ಲಿ ಹಿಡಿದು ನಿಂತಿದ್ದಳು. ಡಾಕ್ಟರು ಪುಸ್ತಕ ತಿರುವಿ ಹಾಕಿ, ಕನ್ನಡಕ ಸರಿಮಾಡಿಕೊಂಡು, ಅಂಕಲ್ ಎದುರು ಕುರ್ಚಿ ಎಳೆದು ಕೂತರು.

“ನಿಮ್ಮ ಹಿಂದೆ ಯಾರಾದ್ರೂ ಕೆಂಪು ಪೆನ್ನು ಹಿಡ್ಕೊಂಡು ಬರ್ತಾರಾ?”

“ನನ್ನ ಹಿಂದೆ ಯಾರೂ ಬರಲ್ಲ ಸಾರ್.”

“ಹಾಗಾದ್ರೆ ಈ ಮಾತು ಯಾರದ್ದು?”

ಅಂಕಲ್ ಪುಸ್ತಕ ನೋಡಿದರು. ಆಮೇಲೆ ಬಾಗಿಲಿಗೆ ಒರಗಿ ಬಿಳಿಚಿಕೊಂಡು ನಿಂತ ಸಮಿತಿಯನ್ನು ನೋಡಿದರು. ಎಂಬತ್ತು ಜನರ ನಡುವೆ ಟಿಕೆಟ್ ಇಲ್ಲದ ಒಬ್ಬನನ್ನು ಹುಡುಕಿ ತೆಗೆಯುವ ಕಣ್ಣು ಅದು. ಎಲ್ಲ ಅರ್ಥವಾಯಿತು.

“ಅದು ಇನ್ನೊಬ್ರ ಮಾತು ಸಾರ್. ನಾನು ಹೇಳೋ ಹಾಗಿಲ್ಲ.”

“ಇನ್ನೊಬ್ರ ಮಾತು ನಿಮಗೆ ಕೇಳಿಸುತ್ತಾ?”

“ಕೇಳಿಸ್ತು. ಬೆಳಿಗ್ಗೆ, ಮೂವತ್ತೈದು ನಿಮಿಷ.”

ಡಾಕ್ಟರು ಏನೋ ಬರೆದುಕೊಂಡರು. “ಯಾರು ಅಂತ ಹೇಳಿ.”

“ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ ಅಂತ ಮಾತು ಕೊಟ್ಟಿದೀನಿ.”

ಡಾಕ್ಟರು ಮತ್ತೂ ಬರೆದುಕೊಂಡು, ನಿಟ್ಟುಸಿರು ಬಿಟ್ಟು ಮಗಳ ಕಡೆ ತಿರುಗಿದರು. “ಇನ್ನೊಂದು ಎರಡು ವಾರ ಇಲ್ಲೇ ಇರ್ಲಿ ಅಮ್ಮ.”

“ಕೋಣೆಗೆ ಹೊಸ ಪರದೆ ಹಾಕ್ಸಿದ್ದೆ ಸಾರ್” ಎಂದಳು ಮಗಳು. ಅಂಕಲ್ ಮಂಚದ ಮೇಲೆ ಕೂತು, ಬೆಳಿಗ್ಗೆ ಆರಕ್ಕೆ ತೊಟ್ಟಿದ್ದ ಬೂಟಿನ ದಾರ ಬಿಚ್ಚತೊಡಗಿದರು. ಸಮಿತಿಯ ಕಡೆ ನೋಡಲೂ ಇಲ್ಲ. ಎಲ್ಲಿ ನೋಡಿದರೆ ಅವಳ ಗುಟ್ಟು ಬಯಲಾಗುತ್ತದೋ ಎಂದು ನೋಡಲಿಲ್ಲ.

ಒಂದು ಬೂಟು ಬಿಚ್ಚಿ ಕೆಳಗಿಟ್ಟದ್ದನ್ನು ನೋಡಿ ಸಮಿತಿಗೆ ತಡೆಯಲಾಗಲಿಲ್ಲ. ವರ್ಷ ಹೋದರೆ ಹೋಗಲಿ, ಇಂಥ ಮನುಷ್ಯನ ಬೂಟು ಬಿಚ್ಚಿಸಿದ ಪಾಪ ಬೇಡ ಎನ್ನಿಸಿತು.

“ಅದು ನನ್ನ ಮಾತು!” ಎಂದು ಕೂಗಿದಳು. “ಅವರು ಏನೂ ಹೇಳಿಲ್ಲ ಸಾರ್. ಹೇಳಿದ್ದೆಲ್ಲ ನಾನು. ಕೇಳಿದ್ದು ಅವರು. ನಾನೇ ಕಾಲಂ ಅದಲುಬದಲು ಮಾಡಿದೆ.”

ಡಾಕ್ಟರಿಗೆ ನಂಬಿಕೆ ಬರಲಿಲ್ಲ. ರೋಗಿಯನ್ನು ಉಳಿಸಲು ಹುಡುಗಿ ಸುಳ್ಳು ಹೇಳುತ್ತಿರಬಹುದು ಎನ್ನುವಂತೆ ನೋಡಿದರು.

“ನಾಲ್ಕನೇ ಪುಟ ಓದಿ ಸಾರ್” ಎಂದಳು ಸಮಿತಿ. ಡಾಕ್ಟರು ಗಟ್ಟಿಯಾಗಿ ಓದಿದರು. “‘ತಲೆ ಬಾಚಿದ್ರೆ ಸಾಕು, ಕೂದಲು ಹಿಡಿ ಹಿಡಿ ಬರುತ್ತೆ.’”

ಎಲ್ಲರೂ ಒಟ್ಟಿಗೆ ಅಂಕಲ್ ತಲೆ ನೋಡಿದರು. ಟ್ಯೂಬ್‌ಲೈಟಿನ ಬೆಳಕು ಅಲ್ಲಿ ಬಿದ್ದು ಹೊಳೆಯುತ್ತಿತ್ತು. ಮೊದಲು ನಕ್ಕಿದ್ದು ಮಗಳು. ಆಮೇಲೆ ಡಾಕ್ಟರು ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕಿದರು.

ಹೊರಡುವಾಗ ಅಂಕಲ್ ಸಮಿತಿಯ ಹತ್ತಿರ ಬಂದು ನಿಂತರು. “ಕೂದಲಿಗೆ ನಿದ್ದೆನೇ ಔಷಧಿ ಸಿಸ್ಟರ್. ಹತ್ತು ಗಂಟೆಗೆಲ್ಲ ಮಲಗಿಬಿಡಿ. ಇದು ಸಲಹೆ. ಈಗ ಡಿಸ್ಚಾರ್ಜ್ ಆಗಿದೆಯಲ್ಲ, ಕೊಡಬಹುದು” ಎಂದು, ಮಗಳ ಕೈ ಹಿಡಿದು ಗೇಟಿನ ಕಡೆ ನಡೆದರು.

ಮೇಡಂ ಪುಸ್ತಕ ಎತ್ತಿಕೊಂಡು ತಮ್ಮ ಕೋಣೆಗೆ ಹೋದರು. ಸಮಿತಿ ನೇಣಿಗೆ ಹೋಗುವವಳಂತೆ ಹಿಂದೆ ಹೋದಳು. ಗೋಡೆಯ ಗಡಿಯಾರದಲ್ಲಿ ಮೂರೂ ಕಾಲು.

“ಆ ಇಪ್ಪತ್ನಾಲ್ಕು ಕಂಡಕ್ಟರ್ ಅವರಿಗೆ ಸೇರಬೇಕು” ಎಂದರು ಮೇಡಂ.

“ಹೌದು ಮೇಡಂ.”

“ಬಾಗಿಲು ಹಾಕಿ. ಕೂತ್ಕೊಳ್ಳಿ.” ಮೇಡಂ ಕೆಂಪು ಪೆನ್ನನ್ನು ಮೇಜಿನ ಮೇಲೆ ಉರುಳಿಸಿದರು. “ನೀವು ನಿಜ ಹೇಳಿದ್ರಿ. ಅದಕ್ಕೆ ಇನ್ನೊಂದು ಅವಕಾಶ ಕೊಡ್ತೀನಿ. ನಾಲ್ಕಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ. ಅರ್ಧ ಗಂಟೆ ನಾನು ಮಾತಾಡ್ತೀನಿ. ನೀವು ಸಲಹೆ ಕೊಡದೇ ಕೇಳಿದ್ರೆ ಸಹಿ ಹಾಕ್ತೀನಿ.”

“ನೀವಾ ಮೇಡಂ?”

“ಈ ಕೆಂಪು ಪೆನ್ನಿನ ಕನಸು ಬರೆದಿದೀರಲ್ಲ” ಎಂದರು ಮೇಡಂ. “ನನಗೂ ಬೀಳುತ್ತೆ.”

ಸಮಿತಿ ಎರಡನೆಯ ಪೆಪ್ಪರ್‌ಮಿಂಟನ್ನು ಬಾಯಿಗಿಟ್ಟು, ಅಂಕಲ್ ಕೂತಿದ್ದ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ ಕೂತಳು. “ಕನಸು ಬೀಳುತ್ತೆ” ಎಂದಳು. “ಮುಂದೆ ಹೋಗಿ ಮೇಡಂ.”

ಮೇಡಂ ಮುಂದೆ ಹೋದರು. ಇಪ್ಪತ್ತೆರಡು ವರ್ಷದಿಂದ ಕಂಡವರ ದುಃಖವನ್ನು ಮೂರು ಕಾಲಂನಲ್ಲಿ ಓದಿ ಓದಿ ತಮಗೆ ಊಟ ರುಚಿಸುವುದಿಲ್ಲ ಎಂದರು. ಮನೆಯಲ್ಲಿ ಮಗ, ಅಮ್ಮಾ ಒಂದು ಸಲವಾದರೂ ಹೌದು ಅಥವಾ ಇಲ್ಲ ಅನ್ನು ಎಂದು ಜಗಳ ಮಾಡುತ್ತಾನೆ ಎಂದರು. ಸಮುದ್ರದ ಹತ್ತಿರ ಅಕ್ಕನ ಮನೆ ಇದೆ, ಆರು ವರ್ಷದಿಂದ ಬಾ ಬಾ ಎಂದು ಕರೆಯುತ್ತಿದ್ದಾಳೆ, ಇನ್ನೂರು ದಿನದ ರಜೆ ಕೂತಿದೆ, ಆದರೆ ಈ ತಂಡದ ಪುಸ್ತಕ ಮುಗಿಸಿ ಹೋಗೋಣ, ಮುಂದಿನ ತಂಡದ್ದು ಮುಗಿಸಿ ಹೋಗೋಣ ಎಂದು ಹೋಗಲೇ ಇಲ್ಲ ಎಂದರು. ಎಲ್ಲರನ್ನೂ ಕೇಳಿಸಿಕೊಂಡೆ, ನನ್ನನ್ನು ಯಾರೂ ಕೇಳಲಿಲ್ಲ ಎಂದರು.

ಸಮಿತಿ ಕೇಳಿದಳು. ನಿಜವಾಗಿಯೂ ಕೇಳಿದಳು. ನಾಲಿಗೆಯ ತುದಿಗೆ ಹದಿನೆಂಟು ಸಲಹೆ ಬಂದು ಸಾಲಾಗಿ ನಿಂತವು, ಹದಿನೆಂಟನ್ನೂ ಪೆಪ್ಪರ್‌ಮಿಂಟಿನ ಜೊತೆಯಲ್ಲೇ ನುಂಗಿದಳು. “ಆಮೇಲೆ?” ಎಂದಳು. “ಒಂಟಿ ಅನ್ನಿಸ್ತು ನಿಮಗೆ” ಎಂದಳು. ತನ್ನ ಕರವಸ್ತ್ರವನ್ನು ಮೇಜಿನ ನಡುವೆ, ಮೇಡಂ ಕೈಗೆ ಎಟುಕುವಷ್ಟು ದೂರದಲ್ಲಿ ಇಟ್ಟಳು. ಮೂರೂ ನಲವತ್ನಾಲ್ಕು. ಇಪ್ಪತ್ತೊಂಬತ್ತು ನಿಮಿಷ ಆಗಿಹೋಗಿತ್ತು. ಇನ್ನು ಒಂದೇ ನಿಮಿಷ.

ಮೇಡಂ ಕಣ್ಣು ಒರೆಸಿಕೊಂಡು ಅವಳ ಮುಖ ನೋಡಿದರು.

“ಈಗ ನಾನು ಏನ್ ಮಾಡ್ಲಿ?”

ಇದಕ್ಕೆ ಪುಸ್ತಕದ ಉತ್ತರ ಸಮಿತಿಗೆ ಗೊತ್ತಿತ್ತು. ನಿಮಗೇನು ಅನ್ನಿಸುತ್ತದೆ ಎಂದು ಕೇಳಿ ಸುಮ್ಮನಾದರೆ ಮುಗಿಯಿತು. ಆದರೆ ಮೇಡಂ ಕೇಳಿದ್ದು ಅದೇ ಅಡುಗೆಮನೆ ಬಾಗಿಲಿನ ಪ್ರಶ್ನೆ, ಕೇಳಿದವರ ಮುಖದಲ್ಲಿ ಅದೇ ದಿಕ್ಕು ತೋಚದ ಕಳೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಯಾರಾದರೂ ಏನಾದರೂ ಹೇಳಲೇಬೇಕಿತ್ತು.

“ರಜೆ ಹಾಕಿ ಮೇಡಂ!” ಎಂದಳು ಸಮಿತಿ. ಕಟ್ಟೆ ಒಡೆದ ಮೇಲೆ ನೀರು ನಿಲ್ಲುತ್ತದೆಯೇ? “ಒಂದು ತಿಂಗಳು ಅಕ್ಕನ ಮನೆಗೆ ಹೋಗಿ. ನಾಳೆ ಅಲ್ಲ, ಇವತ್ತೇ ಹೊರಡಿ. ಕೈಲಿರೋ ಕೆಲಸ ಮುಗಿಸಿ ಹೋಗ್ತೀನಿ ಅಂದ್ರೆ ನೀವು ಜನ್ಮದಲ್ಲಿ ಹೋಗಲ್ಲ. ಆ ಕೆಂಪು ಪೆನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿ. ಫೋನ್ ಆಫ್ ಮಾಡಿ. ಯಾರು ಏನು ಕೇಳಿದ್ರೂ ತಿರುಗಿ ನೋಡಬೇಡಿ!”

ಹೇಳಿ ಮುಗಿದ ಮೇಲೆ ತಾನು ಏನು ಮಾಡಿದೆ ಎನ್ನುವುದು ಅವಳಿಗೆ ತಿಳಿಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮೇಡಂ ಕೆಂಪು ಪೆನ್ನನ್ನು ಕೈಗೆ ತೆಗೆದುಕೊಂಡರು. “ಸಲಹೆ ಕೊಟ್ಟಿದ್ದೀರಿ” ಎಂದರು. “ನಿಯಮ ಅಂದ್ರೆ ನಿಯಮ. ಸಹಿ ಹಾಕೋಕಾಗಲ್ಲ.”

“ಮೇಡಂ...”

“ಆದ್ರೆ ಸಲಹೆ ಬಹಳ ಚೆನ್ನಾಗಿದೆ.”

ಅಷ್ಟು ಹೇಳಿ ಮೇಡಂ ಒಂದು ಹಾಳೆ ಎಳೆದುಕೊಂಡು ರಜೆಯ ಅರ್ಜಿ ಬರೆದರು. ಸಮಿತಿಯ ಪುಸ್ತಕವನ್ನೂ ಉಳಿದ ಹದಿನೇಳರ ಮೇಲಿಟ್ಟರು. ಕೆಂಪು ಪೆನ್ನನ್ನು ಅದರ ಮೇಲೆ ಮಲಗಿಸಿದರು. ಬೀರುವಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಬೀಗದ ಕೈಯನ್ನು ಚೀಲಕ್ಕೆ ಹಾಕಿಕೊಂಡರು.

ಸಮಿತಿ ದಿಗ್ಗನೆ ಎದ್ದಳು. “ಮೇಡಂ, ಅವರೆಲ್ಲರದ್ದು ಸಹಿ! ಹಾಲ್ ಟಿಕೆಟ್ ಪಟ್ಟಿ ನಾಳೆ ಬೆಳಿಗ್ಗೆ ಹೋಗ್ಬೇಕು!”

“ಕೈಲಿರೋ ಕೆಲಸ ಮುಗಿಸಿ ಹೋಗ್ತೀನಿ ಅಂದ್ರೆ ಜನ್ಮದಲ್ಲಿ ಹೋಗಲ್ಲ” ಎಂದರು ಮೇಡಂ. ನಾಲ್ಕು ವರ್ಷದಲ್ಲಿ ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ಸಮಿತಿ ನೋಡಿದ್ದು ಅದೇ ಮೊದಲು.

“ನನ್ನ ಮಾತು ಕಟ್ಕೊಂಡು ಹೀಗೆ ಮಾಡೋದು ಸರಿ ಅಲ್ಲ ಮೇಡಂ!”

“ನಿಮಗೆ ಹಾಗನ್ಸುತ್ತಾ?” ಎಂದು ಮೇಡಂ ಫೋನ್ ಆಫ್ ಮಾಡಿ ಬಾಗಿಲು ದಾಟಿದರು. ಸಮಿತಿ ಮೆಟ್ಟಿಲವರೆಗೂ ಮೇಡಂ ಮೇಡಂ ಎನ್ನುತ್ತ ಹಿಂದೆಯೇ ಹೋದಳು. ಮೇಡಂ ತಿರುಗಿ ನೋಡಲಿಲ್ಲ. ಅದೂ ಸಲಹೆಯಲ್ಲಿತ್ತು.

ಆಸ್ಪತ್ರೆಯ ಗೇಟಿನ ಹತ್ತಿರ ತರಗತಿಯ ಹದಿನೇಳೂ ಜನ ಗುಂಪಾಗಿ ನಿಂತಿದ್ದರು. ಸುದ್ದಿ ಸಮಿತಿಗಿಂತ ಮೊದಲೇ ಅಲ್ಲಿಗೆ ಬಂದಿತ್ತು. ಯಾರೋ ಇವತ್ತೇ ಹೊರಡಿ ಎಂದು ಸಲಹೆ ಕೊಟ್ಟರು ಎಂದಷ್ಟೇ ಹೇಳಿ ಮೇಡಂ ಆಟೋ ಹತ್ತಿದ್ದರು. ಒಬ್ಬಳು ಅಳುತ್ತಿದ್ದಳು, ಇಬ್ಬರು ಮೇಡಂಗೆ ಫೋನ್ ಮಾಡುತ್ತಿದ್ದರು, ಉಳಿದವರು ಎಲ್ಲರನ್ನೂ ಬೈಯುತ್ತಿದ್ದರು. ಜೆರಾಕ್ಸ್ ಓಡಿಬಂದು ಸಮಿತಿಯ ತೋಳು ಹಿಡಿದು ಹಾಸ್ಟೆಲ್ ದಾರಿಗೆ ಎಳೆದುಕೊಂಡು ಹೊರಟಳು. ಗುಂಪೂ ಹಿಂದೆ ಬಂತು.

“ಕೇಳಿದ್ಯೇನೇ? ನಮ್ಮ ಎಲ್ಲರ ವರ್ಷನೂ ಬೀರುವಿನೊಳಗೆ ಬೀಗ ಬಿತ್ತು! ಇಪ್ಪತ್ತೆರಡು ವರ್ಷ ರಜೆ ತಗೊಳ್ದೇ ಇದ್ದೋರಿಗೆ ಇವತ್ತೇ ಹೊರಡಿ ಅಂತ ಯಾವ ಪುಣ್ಯಾತ್ಗಿತ್ತಿ ಸಲಹೆ ಕೊಟ್ಟಳೋ, ಸಿಕ್ಕಿದ್ರೆ ಇಲ್ಲೇ ಸಿಗಿದು ಹಾಕ್ಬಿಡ್ತೀವಿ. ನಿನಗೇನಾದ್ರೂ ಗೊತ್ತಾ? ಈಗ ನಾವು ಏನ್ ಮಾಡೋದು, ಹೇಳೇ!”

ಸಮಿತಿ ಜೇಬಿಗೆ ಕೈಹಾಕಿ ಮೂರನೆಯ ಪೆಪ್ಪರ್‌ಮಿಂಟನ್ನು ತೆಗೆದು ಬಾಯಿಗೆ ಹಾಕಿಕೊಂಡಳು. ಗೇಟಿನಿಂದ ಹಾಸ್ಟೆಲಿಗೆ ನಡೆದರೆ ಸರಿಯಾಗಿ ಮೂವತ್ತು ನಿಮಿಷ. ಅಷ್ಟು ದೂರವೂ ಅವಳು ಬಾಯಿ ಬಿಡಲಿಲ್ಲ.